ಅಲೆಮಾರಿ ಬಂಡೆ ನಿಂತ ಮಧ್ಯಾಹ್ನ

ನಾನು ಕೂಗಿ ಹೇಳದಿದ್ದರೆ ನಮ್ಮ ಊರು ಎಲ್ಲಿದೆಯೆಂಬುದು ಊರಿಗೇ ಗೊತ್ತಾಗುವುದಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಹೆದರಿಕೊಂಡೇ ಹೇಳುತ್ತಿದ್ದೇನೆ. ನಮ್ಮದು ಕಡಲ ಮೇಲೆ ತೇಲುವ ಊರು. ಮೀನು ಮಾರ್ಕೆಟ್ಟು, ಶಾಲೆ, ದೈವದ ಗುಡಿ, ಮಸೀದಿ, ಇಗರ್ಜಿ, ತೆಂಗಿನ ಮರಗಳು, ಎಲ್ಲವನ್ನೂ ಹೊತ್ತುಕೊಂಡು ನೀರಿನ ಸೆಳೆತ ಕರೆದತ್ತ ಹೋಗುತ್ತಿರುತ್ತದೆ. ಒಂದು ವರ್ಷ ಮಳೆಯೊಳಗೆ ಹೊಕ್ಕು ತಿಂಗಳುಗಟ್ಟಲೆ ಕೊಡೆ ಮಡಚಲು ಬಿಡುವುದಿಲ್ಲ. ಮರುವರ್ಷ ಮಳೆಯನ್ನು ದೂರದಲ್ಲಿ ಕಪ್ಪಗೆ ತೋರಿಸಿ ಪಕ್ಕದಿಂದ ದಾಟಿಬಿಡುತ್ತದೆ. ನಾವು ಅದಕ್ಕೆ ಹೊಂದಿಕೊಂಡೇ ಬೆಳೆದವರು. ಮಗು ಹುಟ್ಟಿದರೆ ಭಟ್ಟರು ಜಾತಕದಲ್ಲಿ ಹುಟ್ಟಿದ ಸ್ಥಳ ಎಂಬಲ್ಲಿ ನಾನು ಅಂದು ಹೇಳಿದ ಲೆಕ್ಕ ಬರೆದುಕೊಳ್ಳುತ್ತಾರೆ. ಮಸೀದಿಯಲ್ಲಿ ಬಾಂಗ್ ಕೊಡುವ ಮುಕ್ರಿ ಬಂದು ಅದೇ ಲೆಕ್ಕ ಕೇಳಿಕೊಂಡು ಹೋಗಿ ನಮಾಜಿನ ಚಾಪೆಗಳ ದಿಕ್ಕನ್ನು ಅಷ್ಟಿಷ್ಟು ತಿರುಗಿಸುತ್ತಾರೆ. ಸೆಲೂನಿನವನು ಮಾತ್ರ ಏನೂ ಕೇಳುವುದಿಲ್ಲ, ತಲೆಗಳು ಎಲ್ಲ ಕಡೆಯೂ ಒಂದೇ ಎನ್ನುತ್ತಾನೆ.

ನನ್ನ ಕೆಲಸ ನೆತ್ತಿ ನೋಡುವುದು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗೋಪುರದ ಮೇಲೆ ನಿಂತು ಸೆಕ್ಸ್‌ಟಂಟ್ ಎಂಬ ಹಿತ್ತಾಳೆಯ ಕೋನಮಾಪಕದ ಕನ್ನಡಿಯಲ್ಲಿ ಅವನನ್ನು ಹಿಡಿದು, ಎಷ್ಟು ಎತ್ತರಕ್ಕೆ ಹೋಗಿ ನಿಂತ ಎಂದು ಅಳೆಯುತ್ತೇನೆ. ಅದರಿಂದ ಬಡಗು ತೆಂಕು, ಅಂದರೆ ಉತ್ತರ ದಕ್ಷಿಣ, ತಿಳಿಯುತ್ತದೆ. ಮೂಡು ಪಡು, ಅಂದರೆ ಪೂರ್ವ ಪಶ್ಚಿಮ, ತಿಳಿಯಲು ಗಡಿಯಾರ ಬೇಕು. ಗೋಪುರದೊಳಗೆ ತವರು ಗಡಿಯಾರ ಎಂಬುದೊಂದಿದೆ. ಊರು ನೆಲದಿಂದ ಕಳಚಿಕೊಂಡ ದಿನ ಆ ನೆಲದಲ್ಲಿ ಎಷ್ಟು ಹೊತ್ತಾಗಿತ್ತೋ ಆ ಹೊತ್ತನ್ನೇ ಇವತ್ತಿಗೂ ನಡೆಸಿಕೊಂಡು ಬಂದಿದೆ; ಅದರ ಮುಳ್ಳನ್ನು ಯಾರೂ ಮುಟ್ಟುವಂತಿಲ್ಲ. ಸೂರ್ಯ ನಮ್ಮ ನೆತ್ತಿಗೆ ಬಂದಾಗ ತವರಿನಲ್ಲಿ ಇನ್ನೂ ಹನ್ನೆರಡು ಆಗಿರದಿದ್ದರೆ ನಾವು ತವರಿಗಿಂತ ಮೂಡಿಗಿದ್ದೇವೆ, ಆಗಿಹೋಗಿದ್ದರೆ ಪಡುವಿಗಿದ್ದೇವೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಇಷ್ಟನ್ನು ನನಗೆ ನನಗಿಂತ ಮೊದಲು ಈ ಕೆಲಸ ನೋಡುತ್ತಿದ್ದ ಅತ್ತೆ ಕಲಿಸಿದರು, ಮೀನು ಹೆಚ್ಚುವುದನ್ನು ಕಲಿಸಿದ ಹಾಗೆಯೇ, ಕೈ ಹಿಡಿದು. ಕೈಗೆ ಬಂದದ್ದು ತಲೆಗೂ ಬರಲಿ, ಇಲ್ಲದಿದ್ದರೆ ಒಂದು ದಿನ ಯಾರಿಗಾದರೂ ನನ್ನಿಂದ ಕುತ್ತು ಬಂದೀತು ಎಂಬ ಹೆದರಿಕೆಗೆ ನಾನು ಸಂಜೆ ಶಾಲೆಗೆ ಸೇರಿದೆ. ಗಂಡ ಶೀನ ನಗುತ್ತಿದ್ದರು. "ಊರಿಗೆ ದಾರಿ ಹೇಳುವವಳಿಗೇ ಟ್ಯೂಷನ್ನು!"

ಸಿಲ್ವಿಯಾ ಟೀಚರ್ ಇಗರ್ಜಿಯ ಹಿಂದಿನ ಹಾಲಿನಲ್ಲಿ ಪಾಠ ಮಾಡುತ್ತಾರೆ. ದೀಪಾವಳಿಗೆ ಒಂದು ವಾರ ಇರುವಾಗ ಅವರು ಕಾಲ ಸಮೀಕರಣ ಎಂಬ ಪಾಠ ತೆಗೆದರು. ಗಡಿಯಾರ ವರ್ಷವಿಡೀ ಒಂದೇ ನಡಿಗೆಯಲ್ಲಿ ನಡೆಯುತ್ತದೆ, ಸೂರ್ಯ ಹಾಗಲ್ಲ, ಎಂದರು. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಭೂಮಿ ನೆಟ್ಟಗೂ ನಿಂತಿಲ್ಲ. ಆದ್ದರಿಂದ ಸೂರ್ಯ ಕೆಲವು ತಿಂಗಳು ಬೇಗ ನೆತ್ತಿಗೆ ಬರುತ್ತಾನೆ, ಕೆಲವು ತಿಂಗಳು ತಡ ಮಾಡುತ್ತಾನೆ. ಬಿಸು ಹಬ್ಬದ, ಅಂದರೆ ಸೌರ ಯುಗಾದಿಯ, ಹೊತ್ತಿಗೆ ಅವನೂ ಗಡಿಯಾರವೂ ಜೊತೆಜೊತೆ. ಶಿವರಾತ್ರಿಯ ಹೊತ್ತಿಗೆ ಅವನು ಹದಿನಾಲ್ಕು ನಿಮಿಷ ತಡ. ದೀಪಾವಳಿಯ ಹೊತ್ತಿಗೆ ಹದಿನಾರು ನಿಮಿಷ ಬೇಗ.

ನಾನು ಕೈ ಎತ್ತಿದೆ. "ಟೀಚರ್, ನಾವು ಗೋಪುರದಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ವಲ್ಲ?"

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. "ಹೌದಾ? ನೀವು ಹಿಡೀತೀರಿ ಅಂತಲೇ ನಾನು ಇಷ್ಟು ವರ್ಷ ತಿಳ್ಕೊಂಡದ್ದು."

ಆ ವಾರವಿಡೀ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಹದಿನಾರು ನಿಮಿಷವೆಂದರೆ ನಾಲ್ಕು ಡಿಗ್ರಿ. ನಾಲ್ಕು ಡಿಗ್ರಿ ಎಂದರೆ ಗಟ್ಟಿ ಲಾಂಚೊಂದಕ್ಕೆ ಎರಡು ದಿನದ ದಾರಿ. ಊರು ನಾನು ಕೂಗುವ ಜಾಗದಲ್ಲಿ ಇಲ್ಲವೇ ಇಲ್ಲ! ಹಾಗಿದ್ದರೆ ದೋಣಿಗಳು ತಿಂಗಳುಗಟ್ಟಲೆ ಕಡಲಿಗೆ ಹೋಗಿ, ತಮ್ಮ ನೆತ್ತಿ ತಾವೇ ನೋಡಿ, ವಯರ್‌ಲೆಸ್ಸಿನಲ್ಲಿ ನನ್ನ ಲೆಕ್ಕ ಕೇಳಿಕೊಂಡು ನೇರ ಮನೆಬಾಗಿಲಿಗೆ ಹೇಗೆ ಬರುತ್ತವೆ? ಒಂದೂ ತಪ್ಪಿಸಿಕೊಂಡದ್ದಿಲ್ಲ. ಹಾಗಾದರೆ ತಪ್ಪಿರುವುದು ಪಾಠದಲ್ಲಿ, ಇಲ್ಲವೇ ನನ್ನ ತಲೆಯಲ್ಲಿ. ಎರಡನೆಯದೇ ಇರಬೇಕು ಎಂದುಕೊಂಡು ಸುಮ್ಮನಾದೆ.

ಅಮಾವಾಸ್ಯೆಯ ಹಿಂದಿನ ದಿನ, ನರಕ ಚತುರ್ದಶಿಯ ಬೆಳಿಗ್ಗೆ, ಎಣ್ಣೆ ಸ್ನಾನದ ಹಂಡೆಗೆ ಬೆಂಕಿ ಹಾಕಿ ನಿಂತಿದ್ದವಳನ್ನು ಬಂದರಿಗೆ ಕರೆದರು. ಶೀನ ಇದ್ದ ದೋಣಿಯಿಂದ ವಯರ್‌ಲೆಸ್ ಬಂದಿತ್ತು. ಎರಡು ದಿನದಿಂದ ಮೋಡ, ನೆತ್ತಿ ಸಿಕ್ಕಿಲ್ಲ, ಎಲ್ಲಿದ್ದೇವೋ ತಿಳಿಯದು, ಅಲೆಮಾರಿ ಬಂಡೆಗೆ ಹೊಡೆದು ದೋಣಿ ಒಡೆದಿದೆ, ಐದು ಜನರೂ ಬಂಡೆ ಹತ್ತಿದ್ದೇವೆ. ಅಷ್ಟರಲ್ಲಿ ಬ್ಯಾಟರಿ ಸತ್ತಿತು.

ಅಲೆಮಾರಿ ಬಂಡೆಯ ಬಗ್ಗೆ ಹೇಳಬೇಕು. ಅದು ಕಡಲ ನಡುವೆ ಒಂಟಿಯಾಗಿ ತಲೆ ಎತ್ತಿರುವ ಕಪ್ಪು ಬಂಡೆ. ಮೀನುಗಾರರು ಆಗೊಮ್ಮೆ ಈಗೊಮ್ಮೆ ಅದನ್ನು ಕಂಡು ಎಲ್ಲಿದೆಯೆಂದು ಲೆಕ್ಕ ಹಾಕಿಕೊಂಡು ಬರುತ್ತಿದ್ದರು. ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರ ಲೆಕ್ಕ ಕೂಡುತ್ತಿರಲಿಲ್ಲ. ಕೆಲವೊಮ್ಮೆ ಮೂಡಿಗೆ, ಕೆಲವೊಮ್ಮೆ ಪಡುವಿಗೆ. ಬೇರೆ ಊರಿನವರಾಗಿದ್ದರೆ ತಮ್ಮ ಲೆಕ್ಕವನ್ನೇ ಸಂಶಯಿಸುತ್ತಿದ್ದರೇನೋ. ನಮಗೆ ಸಂಶಯ ಬರಲಿಲ್ಲ. ಊರೇ ಅಲೆಯುವಾಗ ಬಂಡೆ ಯಾಕೆ ಅಲೆಯಬಾರದು? ಪಾಪ, ಅದೂ ನಮ್ಮ ಹಾಗೆ, ಎಂದು ಒಂದು ಬಗೆಯ ಪ್ರೀತಿಯೇ ಇತ್ತು. ಆದರೆ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದಲ್ಲಿ ಅದರ ತಲೆ ನೀರಿನೊಳಗೆ ಹೋಗುತ್ತದೆ ಎಂಬುದರಲ್ಲಿ ಎಲ್ಲರ ಮಾತೂ ಒಂದೇ ಆಗಿತ್ತು. ಮರುದಿನ ಅಮಾವಾಸ್ಯೆ. ಮರುದಿನ ಸಂಜೆಯ ಭರತದೊಳಗೆ ಅವರನ್ನು ಮುಟ್ಟಬೇಕು.

ಗಟ್ಟಿ ಎಂಜಿನ್ನಿನ ಲಾಂಚ್ ಆ ದಿನ ಬಂದರಿನಲ್ಲಿದ್ದದ್ದು ಒಂದೇ, ಹಸನಬ್ಬನದು. ಉಳಿದವೆಲ್ಲ ದೂರ ಕಡಲಿನಲ್ಲಿದ್ದವು. ಅಂದರೆ ಒಂದೇ ದಿಕ್ಕಿಗೆ ಹೋಗಬಹುದು, ಒಂದೇ ಸಲ.

ನಾನು ನೆತ್ತಿ ನೋಡಿ ಇಳಿದು ಬರುವಾಗ ಇಡೀ ಬಂದರು ತುಂಬಿತ್ತು. ಗುರಿಕಾರ ಐತಪ್ಪನವರು ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು ನಿಂತಿದ್ದರು. ನಿಧಾನದ ಮನುಷ್ಯ, ಬಂದರಿನ ಯಜಮಾನಿಕೆ ಅವರಿಗೆ ಒಪ್ಪುತ್ತದೆ.

"ಹೋದ ಬಿಸುವಿಗೆ ಬಂಡೆ ಕಂಡ ಲೆಕ್ಕ ಉಂಟು," ಎಂದರು. "ಅದರ ನಂತರ ಯಾರೂ ನೋಡಿದವರಿಲ್ಲ. ಇವತ್ತಿನ ನಮ್ಮ ನೆತ್ತಿಗೆ ಹೋಲಿಸಿದ್ರೆ ಅದು ನಮ್ಮಿಂದ ಪಡುವಿಗೆ, ಎರಡು ಡಿಗ್ರಿ. ಅಲ್ಲಿಂದ ಎತ್ತ ಹೋಗಿದೆಯೋ ದೇವರೇ ಬಲ್ಲ, ಆದ್ರೂ ಅಲ್ಲಿಂದಲೇ ಹುಡುಕುವ. ಹಸನಬ್ಬ, ಪಡುವಿಗೆ ಬಿಡು."

"ಪಡುವಿಗಲ್ಲ ಗುರಿಕಾರ್ರೇ," ಎಂಬ ಮಾತು ಕೇಳಿಸಿತು. ಹೇಳಿದವಳು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಮೂಡಿಗೆ. ಎರಡು ಡಿಗ್ರಿ."

ಮೀನು ಮಾರುವ ರುಕ್ಕಕ್ಕನ ಮಗನೂ ಆ ಐವರಲ್ಲಿ ಒಬ್ಬ. ಅವಳು ಸೊಂಟದ ಮೇಲೆ ಕೈಯಿಟ್ಟಳು. "ಬೆಳಿಗ್ಗೆಯಿಂದ ಇವಳ ಬಾಯಲ್ಲಿ ಒಂದು ಶಬ್ದ ಇಲ್ಲ, ಈಗ ಊರಿಗೆಲ್ಲ ಉಲ್ಟಾ ಹೇಳ್ತಾಳೆ!"

ನಾನು ಸೂರ್ಯ ಬೇಗ ಬರುವ ವಿಷಯ ಹೇಳಿದೆ. ಬಿಸುವಿನ ಲೆಕ್ಕ ಸರಿ, ಅವತ್ತು ಸೂರ್ಯನೂ ಗಡಿಯಾರವೂ ಒಂದೇ. ತಪ್ಪಿರುವುದು ನಾನು ಇವತ್ತು ನೋಡಿದ ನೆತ್ತಿ. ಸೂರ್ಯ ಹದಿನಾರು ನಿಮಿಷ ಮೊದಲೇ ಬಂದದ್ದರಿಂದ ನಾವು ಮೂಡಿಗಿದ್ದೇವೆ ಎಂದು ಮೋಸ ಹೋಗುತ್ತಿದ್ದೇವೆ. ನಿಜಕ್ಕೂ ನಾವು ಇರುವುದು ಆ ನೆತ್ತಿ ಹೇಳುವುದಕ್ಕಿಂತ ನಾಲ್ಕು ಡಿಗ್ರಿ ಪಡುವಿಗೆ, ಬಂಡೆಯನ್ನೂ ದಾಟಿ ಈಚೆಗೆ.

"ನನಗೆ ಗೊತ್ತಾಗುವ ಹಾಗೆ ಹೇಳಿ ಕಮ್ಲಕ್ಕ," ಎಂದ ಹಸನಬ್ಬ. "ನಾನು ಶಾಲೆಗೆ ಹೋದದ್ದು ಮಧ್ಯಾಹ್ನದ ಊಟಕ್ಕೆ ಮಾತ್ರ."

ಗುರಿಕಾರರು ನಗಲಿಲ್ಲ. "ನಿಲ್ಲು ಹಸನಬ್ಬ. ಕಮಲಾಕ್ಷಿ, ನಿನ್ನ ಮಾತು ನಿಜವಾದ್ರೆ ನಿನ್ನ ಅತ್ತೆಯ ಕಾಲದಿಂದ ನಮ್ಮ ನೆತ್ತಿ ತಪ್ಪು. ಹಾಗಿದ್ರೆ ಇಷ್ಟು ವರ್ಷ ದೋಣಿಗಳು ಮನೆಗೆ ಬಂದದ್ದು ಹೇಗೆ?"

ಇದೇ ಪ್ರಶ್ನೆ ನನ್ನನ್ನು ವಾರವಿಡೀ ತಿಂದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಗ ಏಕೋ ನಮ್ಮ ಅಡುಗೆಮನೆಯ ಸೇರು ಕಣ್ಣಮುಂದೆ ಬಂತು, ಅಡಿ ಒಳಕ್ಕೆ ಗುಳಿಬಿದ್ದ ಹಳೆಯ ಸೇರು.

"ಗುರಿಕಾರ್ರೇ, ನಮ್ಮ ಮನೆಯ ಸೇರಿಗೆ ಅಡಿ ಗುಳಿ ಬಿದ್ದಿದೆ. ರುಕ್ಕಕ್ಕ ಅಕ್ಕಿ ಸಾಲ ಕೇಳಿದ್ರೆ ಅದರಲ್ಲೇ ಅಳೆದು ಕೊಡ್ತೇನೆ. ಅವಳು ಹಿಂದೆ ಕೊಡುವಾಗ ಅದೇ ಸೇರಿನಲ್ಲಿ ಅಳೆದು ಕೊಡ್ತಾಳೆ. ಇಷ್ಟು ವರ್ಷದಲ್ಲಿ ನಮಗೆ ಒಂದು ದಿನ ಜಗಳ ಆದದ್ದಿಲ್ಲ. ಸೇರು ಕಡಿಮೆ ಅಂತ ಗೊತ್ತಾಗುವುದು ಅಂಗಡಿಗೆ ಹೋದಾಗ. ನಾವೂ ದೋಣಿಯವರೂ ಒಂದೇ ಗುಳಿಬಿದ್ದ ಸೇರಿನಲ್ಲಿ ಅಳೀತಾ ಇದ್ದೇವೆ. ಅದಕ್ಕೇ ನಮ್ಮ ನಮ್ಮೊಳಗೆ ಲೆಕ್ಕ ಸರಿ. ಬಂಡೆಯನ್ನು ಅಳೆದದ್ದು ಬಿಸುವಿನಲ್ಲಿ, ಈ ಸೇರಿನಲ್ಲಲ್ಲ."

"ಅಯ್ಯೋ ಪಾಪಿ," ಎಂದಳು ರುಕ್ಕಕ್ಕ, "ಸೇರಿಗೆ ಗುಳಿ ಬಿದ್ದದ್ದು ಗೊತ್ತಿದ್ದೂ ಹೇಳ್ಲಿಲ್ವಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಗುರಿಕಾರರು ಕೋಲಿನ ತುದಿಯಿಂದ ಮರಳನ್ನು ಕೆದಕುತ್ತಾ ನಿಂತರು. ಅವರಿಗೆ ಅರ್ಥವಾಗಿತ್ತೆಂದು ನನಗೆ ತಿಳಿಯಿತು, ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು. ಅರ್ಥವಾಗದವರು ನನ್ನನ್ನು ಬೈದು ಕಳಿಸುತ್ತಿದ್ದರು. ಅರ್ಥವಾದವರು ನನ್ನ ಮಾತಿನಂತೆ ನಡೆದುಬಿಟ್ಟರೆ? ಕೂಡಿಸುವ ಕಡೆ ನಾನು ಕಳೆದಿದ್ದರೆ ಬಂಡೆ ಇರುವುದು ಪಡುವಿಗೆ, ಆರು ಡಿಗ್ರಿ ದೂರ. ಕೂಡು ಕಳೆಯ ಚಿಹ್ನೆಯಲ್ಲಿ ನಾನು ತರಗತಿಯಲ್ಲಿ ಎಡವದ ದಿನವೇ ಇಲ್ಲ. ಗುಂಪಿನ ಅಂಚಿನಲ್ಲಿ ಸಿಲ್ವಿಯಾ ಟೀಚರ್ ಕಂಡರು.

"ಟೀಚರ್, ದೀಪಾವಳಿಗೆ ಸೂರ್ಯ ಬೇಗವೇ ಅಲ್ವಾ?"

"ಬೇಗವೇ ಕಮಲಾಕ್ಷಿ. ಅದರಲ್ಲಿ ಸಂಶಯ ಇಲ್ಲ." ಅವರು ಮುಂದೆ ಬಂದು ನನ್ನ ಪಕ್ಕ ನಿಂತರು. "ಆದ್ರೆ ನಾನು ಪುಸ್ತಕದಿಂದ ಹೇಳುವವಳು. ಕಡಲಲ್ಲಿ ಪರೀಕ್ಷೆ ಮಾಡಿ ನೋಡಿದವಳಲ್ಲ. ಯಾರಾದ್ರೂ ನೋಡಿದವರಿದ್ರೆ ಕೇಳು."

ನೋಡಿದವರು! ಬಂಡೆ ನೋಡಿದವರು ಅಲ್ಲೇ ಹತ್ತು ಜನ ನಿಂತಿದ್ದರು. ಇಷ್ಟು ಕಾಲ ಬಂಡೆಯನ್ನು ಎಲ್ಲಿ ಕಂಡಿರಿ ಎಂದು ಎಲ್ಲರೂ ಕೇಳಿದ್ದರು. ಯಾವಾಗ ಕಂಡಿರಿ ಎಂದು ಒಬ್ಬರೂ ಕೇಳಿರಲಿಲ್ಲ.

"ಬಂಡೆಯನ್ನು ಪಡುವಿಗೆ ಕಂಡವರು ಯಾರು? ಯಾವ ಹಬ್ಬದ ಹೊತ್ತಿಗೆ?" ಎಂದು ಕೂಗಿದೆ.

ಮುದುಕರೊಬ್ಬರು ಶಿವರಾತ್ರಿಯ ಉಪವಾಸದಲ್ಲಿ ಕಂಡದ್ದು ಎಂದರು. ಇನ್ನೊಬ್ಬರು, ತಾನೂ ಶಿವರಾತ್ರಿಯ ಆಚೀಚೆ, ಎಂದರು. ಬಿಸುವಿಗೆ ಕಂಡವರಿಗೆಲ್ಲ ಅದು ನಡುವಿನಲ್ಲೇ ಇತ್ತು. ನಾನು ಒಂದು ಹೆಜ್ಜೆ ಮುಂದೆ ಬಂದು ಕೇಳಿದೆ. "ಮೂಡಿಗೆ ಕಂಡವರು?"

ಹಸನಬ್ಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾನು. ಎರಡು ಸಲ. ಎರಡೂ ಸಲ ನಿಮ್ಮ ದೀಪಾವಳಿಯ ಪಟಾಕಿ ತರ್ಲಿಕ್ಕೆ ಹೋಗಿ ಬರುವಾಗ. ಹೇಳಿದ್ರೆ ಇವರೆಲ್ಲ ನಕ್ಕರು, ಹಸನಬ್ಬನಿಗೆ ಬಿಸಿಲು ಹೊಡೆದಿದೆ ಅಂತ. ಮತ್ತೆ ನಾನು ಬಾಯಿ ಬಿಡ್ಲಿಲ್ಲ."

"ಇದೆಂಥ ಬಂಡೆ ಮಾರಾಯ್ರೆ," ಎಂದರು ಆ ಮುದುಕರು, "ಸೊಸೆ ತವರಿಗೆ ಹೋದ ಹಾಗೆ ಹಬ್ಬ ನೋಡಿಕೊಂಡು ಹೋಗ್ತದಲ್ಲ!"

ಈಗ ಎಲ್ಲರೂ ನಕ್ಕರು, ಅಳುತ್ತಿದ್ದವರೂ. ಗುರಿಕಾರರು ಮಾತ್ರ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ತಪ್ಪಿದ್ರೆ?"

"ತಪ್ಪಿದ್ರೆ ನಾನೂ ಲಾಂಚಿನಲ್ಲೇ ಇರ್ತೇನೆ."

"ಅದು ಉತ್ತರ ಅಲ್ಲ ಮಗಾ. ನೀನು ಮುಳುಗಿದ್ರೆ ಅವರು ಬದುಕುವುದಿಲ್ಲ. ಸರಿಯಾ, ತಪ್ಪಾ? ಅಷ್ಟು ಹೇಳು."

ನನ್ನ ಜೀವಮಾನದಲ್ಲಿ ನಾನು ಸುಮಾರು ಎಂಬ ಪದ ಸೇರಿಸದೆ ಮಾತು ಮುಗಿಸಿದವಳಲ್ಲ. "ಸರಿ," ಎಂದೆ.

"ಹಸನಬ್ಬ," ಎಂದರು ಗುರಿಕಾರರು, "ಮೂಡಿಗೆ ಬಿಡು."

ತವರು ಗಡಿಯಾರಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಂಡು, ಸೆಕ್ಸ್‌ಟಂಟನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೊರಟೆ. ಎದುರು ಸೆಳೆತವಿದ್ದುದರಿಂದ ಲಾಂಚ್ ಏದುತ್ತಾ ಸಾಗಿತು. ಮರುದಿನ ಬೆಳಗಾದಾಗ ನಾಲ್ಕೂ ಕಡೆ ನೀರು, ಬಂಡೆಯ ಸುಳಿವಿಲ್ಲ. ಹಸನಬ್ಬ ಚಾ ಕೊಟ್ಟ, ಕುಡಿಯಲಾಗಲಿಲ್ಲ. "ಕುಡೀರಿ ಅಕ್ಕ, ನಿಮ್ಮ ಕೈ ನಡುಗಿದ್ರೆ ಸೂರ್ಯನೂ ನಡುಗ್ತಾನೆ," ಎಂದ. ಕುಡಿದೆ.

ನೆತ್ತಿಯ ಹೊತ್ತಾಯಿತು. ಗೋಪುರದ ಮೇಲೆ ಸೂರ್ಯ ಕನ್ನಡಿಯೊಳಗೆ ತೆಪ್ಪಗೆ ಕೂರುತ್ತಾನೆ. ಲಾಂಚಿನಲ್ಲಿ ಅವನು ಎಮ್ಮೆಕರುವಿನ ಹಾಗೆ ಕುಣಿಯುತ್ತಿದ್ದ. ಹಸನಬ್ಬ ಹಿಂದಿನಿಂದ ನನ್ನ ಪೀಠದ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದ. ಸೂರ್ಯ ಏರಿದ, ಏರಿದ, ನಿಂತ, ಒಂದು ಕೂದಲೆಳೆ ಇಳಿದ. ಗಡಿಯಾರ ನೋಡಿ ಹದಿನಾರು ನಿಮಿಷ ಕೂಡಿಸಿದೆ. ಮತ್ತೆ ಮೊದಲಿನಿಂದ ಮಾಡಿದೆ. ಮೂರನೆಯ ಸಲವೂ ಅದೇ ಬಂತು.

"ಇನ್ನು ಸ್ವಲ್ಪವೇ ಮುಂದೆ. ಒಂದು ಗಳಿಗೆ ತೆಂಕಿಗೆ ವಾಲಿಸು," ಎಂದೆ.

"ಸ್ವಲ್ಪ ಅಂದ್ರೆ?"

"ನಿನ್ನ ಅನ್ನ ಬೇಯುವುದರೊಳಗೆ."

ಅಕ್ಕಿ ತೊಳೆದಿಟ್ಟದ್ದು ಹಾಗೇ ಉಳಿಯಿತು. ಮೊದಲು ಕಂಡದ್ದು ನೀರಿನ ಮೇಲೊಂದು ಬಿಳಿ ನೊರೆಯ ಗೆರೆ. ಆಮೇಲೆ ಅದರ ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆಯ ಮೇಲೆ ಕೆಂಪಗೇನೋ ಹಾರಾಡುತ್ತಿತ್ತು. ಹಸನಬ್ಬ ಕಣ್ಣು ಕಿರಿದು ಮಾಡಿ ನೋಡಿ, ಲಾಂಚಿನ ಹಾರನ್ನನ್ನು ಒತ್ತಿ ಹಿಡಿದು ಬಿಡಲೇ ಇಲ್ಲ. "ಉಂಟು! ಅಲ್ಲಿಯೇ ಉಂಟು! ನನಗೆ ಬಿಸಿಲು ಹೊಡೆದದ್ದಲ್ಲ, ಕಮ್ಲಕ್ಕ! ಹೇಳಿ ಅವರಿಗೆ, ಬಿಸಿಲು ಹೊಡೆದದ್ದಲ್ಲ!" ಎಂದು ಕುಣಿದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ. ಐದು ತಲೆ ಎಣಿಸಿದೆ. ಸಮಾಧಾನವಾಗದೆ ಇನ್ನೊಮ್ಮೆ ಎಣಿಸಿದೆ. ಐದು.

ನೀರು ಆಗಲೇ ಅವರ ಮೊಣಕಾಲಿಗೆ ಬಂದಿತ್ತು. ಹಾರಾಡುತ್ತಿದ್ದ ಕೆಂಪು ಶೀನರ ಲುಂಗಿ; ಅವರು ಬರಿ ಚಡ್ಡಿಯಲ್ಲಿ ನಿಂತಿದ್ದರು. ರುಕ್ಕಕ್ಕನ ಮಗನನ್ನು ಮೊದಲು ಹತ್ತಿಸಿದರು, ಅವನ ಕಾಲಿಗೆ ಪೆಟ್ಟಾಗಿತ್ತು. ಕೊನೆಗೆ ಹತ್ತಬೇಕಾದವರು ಶೀನ. ನನ್ನನ್ನು ಕಂಡು ಬಾಯಿ ತೆರೆದು ನಿಂತರು.

"ನೀನೆಂತ ಇಲ್ಲಿ?"

"ಲುಂಗಿ ಸುತ್ತಿಕೊಳ್ಳಿ ಮೊದಲು."

"ಬಂಡೆ ಇಲ್ಲಿಗೆ ಬಂದಿದೆ ಅಂತ ನಿನಗೆ ಹೇಳಿದ್ದು ಯಾರು?"

"ಬಂಡೆ ಎಲ್ಲಿಗೂ ಬರ್ಲಿಲ್ಲ," ಎಂದೆ. "ಅದು ಇಲ್ಲೇ ಇತ್ತು. ಯಾವಾಗಲೂ ಇಲ್ಲೇ ಇತ್ತು."

ಹಸನಬ್ಬ ಬೇಗ ಬೇಗ ಎಂದು ಕೂಗುತ್ತಿದ್ದ. ಆದರೂ ನಾನು ಲಾಂಚಿನ ಅಂಚು ಹಿಡಿದು ಒಂದು ಕಾಲನ್ನು ನೀರಿನೊಳಗೆ ಇಳಿಸಿ ಬಂಡೆಯ ಮೇಲೆ ಊರಿದೆ. ನಮ್ಮ ಊರಿನಲ್ಲಿ ಹುಟ್ಟಿದವರ ಕಾಲಿಗೆ ನೆಲದ ಮೆಲ್ಲನೆಯ ತೂಗಾಟ ಹುಟ್ಟಿನಿಂದ ಗೊತ್ತು. ಅದಿಲ್ಲದೆ ಲೋಕ ಇರಬಹುದೆಂದು ಗೊತ್ತಿಲ್ಲ. ಬಂಡೆ ತೂಗಲಿಲ್ಲ. ಅಲೆ ಬಂದು ಬಡಿಯಿತು, ಅದು ಅಲುಗಲಿಲ್ಲ. ನನಗೆ ತಲೆ ತಿರುಗಿತು. ಶೀನ ತೋಳು ಹಿಡಿದು ಎಳೆದುಕೊಂಡರು.

ಊರಿಗೆ ಬಂದಾಗ ಏನಾಯಿತೆಂದು ಬರೆಯಲು ಹೋದರೆ ಬರೀ ಗದ್ದಲವೇ ಆದೀತು. ರುಕ್ಕಕ್ಕ ಮಗನನ್ನು ಹೊಡೆದಳು, ಅಪ್ಪಿಕೊಂಡಳು, ಮತ್ತೆ ಹೊಡೆದಳು. ಪಟಾಕಿಗಳೆಲ್ಲ ಅಂದೇ ಮುಗಿದವು. ಗುರಿಕಾರರು ಗೋಪುರಕ್ಕೆ ಹೊಸ ಲೆಕ್ಕ ತರೋಣ ಎಂದರು. ನಾನು ಈಗಲೇ ಬೇಡ ಎಂದೆ. ದೋಣಿಗಳು ಇನ್ನೂ ಕಡಲಿನಲ್ಲಿವೆ. ಅವರ ಕೈಯಲ್ಲಿ ಹಳೆಯ ಸೇರೇ ಇದೆ. ನಾವೊಬ್ಬರೇ ಸರಿಯಾದರೆ ಅವರು ಮನೆ ಕಾಣದೆ ಹೋದಾರು. ಆದ್ದರಿಂದ ಟೀಚರೂ ನಾನೂ ವಯರ್‌ಲೆಸ್ ಮುಂದೆ ಕುಳಿತು ಒಂದೊಂದು ದೋಣಿಗೂ ಯಾವ ತಿಂಗಳು ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ಹೇಳಿದೆವು. ಪ್ರತಿಯೊಬ್ಬರ ಬಾಯಿಂದಲೂ ತಿರುಗಿ ಹೇಳಿಸಿದೆವು. ಕೊನೆಯ ದೋಣಿ ಒಪ್ಪಿಸಿದ ಮೇಲೆಯೇ, ಹೊಸ ಲೆಕ್ಕ ನಾಳೆ ಎಂದೆ.

ಮರುದಿನ ಮಧ್ಯಾಹ್ನ ಶಾಲೆಗೆ ರಜೆ ಕೊಟ್ಟಿದ್ದರು. ಗೋಪುರದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮುಕ್ರಿ ಬಂದಿದ್ದರು, ಭಟ್ಟರೂ ಬಂದಿದ್ದರು. ಊರಿನ ಜಾತಕಗಳನ್ನೆಲ್ಲ ತಿದ್ದಬೇಕಲ್ಲ ಎಂದು ಅವರ ಮುಖ ಸಣ್ಣಗಾಗಿತ್ತು. ಊರು ನಾಲ್ಕು ಡಿಗ್ರಿ ಒಂದೇ ಏಟಿಗೆ ಸರಿಯುತ್ತದೆಂಬ ಸುದ್ದಿ ಹೇಗೋ ಹಬ್ಬಿತ್ತು. ಹೆಂಗಸರು ನೀರಿನ ಕೊಡಗಳನ್ನು ಕೆಳಗಿಳಿಸಿ ಬಂದಿದ್ದರು. ರುಕ್ಕಕ್ಕ ಮೀನಿನ ಬುಟ್ಟಿಯನ್ನು ಕಾಲುಗಳ ನಡುವೆ ಭದ್ರ ಮಾಡಿ, ಮಾರ್ಕೆಟ್ಟಿನ ಕಂಬವನ್ನು ಎರಡೂ ಕೈಗಳಿಂದ ತಬ್ಬಿ ಕಣ್ಣು ಮುಚ್ಚಿದ್ದಳು.

ಸೂರ್ಯ ನೆತ್ತಿಗೆ ಬಂದ. ಗಡಿಯಾರ ನೋಡಿದೆ. ಹದಿನಾರು ಕೂಡಿಸಿದೆ. ಉಸಿರೆಳೆದುಕೊಂಡು, ಬಡಗು ತೆಂಕು ಹೇಳಿ, ಮೂಡು ಪಡುವಿನ ಹೊಸ ಲೆಕ್ಕವನ್ನು ಊರಿನ ಕೊನೆಯ ಮನೆಗೂ ಕೇಳುವ ಹಾಗೆ ಕೂಗಿದೆ.

ಹೇಂಟೆಯೊಂದು ಚಾವಡಿ ದಾಟಿ ಹೋಯಿತು. ಒಂದು ತೆಂಗಿನಕಾಯಿ ಬೀಳಲಿಲ್ಲ, ಕೊಡದ ಒಂದು ಹನಿ ತುಳುಕಲಿಲ್ಲ, ಲಾಂಚಿಗೆ ಎರಡು ದಿನ ಹಿಡಿಯುವ ದೂರವನ್ನು ಊರು ಹಾರಿ ಇಳಿದಿತ್ತು. ರುಕ್ಕಕ್ಕ ಒಂದು ಕಣ್ಣು ತೆರೆದು, "ಆಯ್ತಾ?" ಎಂದಳು. ಆಮೇಲೆ ಎದ್ದ ಕೂಗಿಗೆ ಗೋಪುರದ ಪಾರಿವಾಳಗಳೆಲ್ಲ ಹಾರಿಹೋದವು. ಶಾಲೆಯ ಮಕ್ಕಳು ನಿಂತಲ್ಲೇ ನೆಗೆಯುತ್ತಾ ಕಿರುಚಿದರು: "ಇನ್ನೊಮ್ಮೆ! ಕಮ್ಲಕ್ಕ, ಇನ್ನೊಮ್ಮೆ!"

ನಾನು ಕಟ್ಟೆಯ ಮೇಲಿಂದ ಬಾಗಿ ಅವರಿಗೆ ಹೇಳಿದೆ. "ಇಲ್ಲ ಮಕ್ಕಳೇ. ಇನ್ನು ಮೇಲೆ ನಾವು ಇದ್ದಲ್ಲೇ ಇರುವುದು."